ಕಸ ಹೊಡೆಯುವ ಆಟ

ಮಕ್ಕಳಿಂದ ಮನೆಗೆಲಸ ಮಾಡಿಸಬೇಕೆಂದರೆ ಅದನ್ನೊಂದು ಆಟ ಮಾಡಿ ಎಂಬ ಸಲಹೆ ಈಗ ಎಲ್ಲೆಡೆ ಕೇಳಿಸುತ್ತದೆ. ಶಾಲೆಯ ಪಾಲಕರ ಸಭೆಯಲ್ಲಿ ಹೇಳುತ್ತಾರೆ, ಮೊಬೈಲಿನ ವಿಡಿಯೊಗಳಲ್ಲಿ ಹೇಳುತ್ತಾರೆ. ಹಾಸಿಗೆ ಮಡಚಿದರೆ ಇಷ್ಟು ಅಂಕ, ಉಂಡ ಗಂಗಾಳ ತೊಳೆದರೆ ಇಷ್ಟು, ಐದು ನಿಮಿಷದೊಳಗೆ ಆಟಿಕೆಗಳನ್ನೆಲ್ಲ ಬುಟ್ಟಿಗೆ ತುಂಬಿದವನೇ ಇವತ್ತಿನ ರಾಜ. ಹೊರದೇಶಗಳಲ್ಲಿ ಇದಕ್ಕೆಂದೇ ಆಟಗಳನ್ನು ಕಟ್ಟಿದ್ದಾರೆ. 2007ರಲ್ಲಿ ಬಂದ ‘ಚೋರ್ ವಾರ್ಸ್’ ಎಂಬ ಆನ್‌ಲೈನ್ ಆಟದಲ್ಲಿ ಕಸ ಗುಡಿಸಿದವರು, ಪಾತ್ರೆ ತೊಳೆದವರು ಕಥೆಯ ವೀರರಂತೆ ಅಂಕ ಗಳಿಸುತ್ತಾರೆ. ಬೈದು ಬಡಿದು ಮಾಡಿಸುವುದಕ್ಕಿಂತ ಆಡಿಸುತ್ತ ಮಾಡಿಸುವುದು ಒಳ್ಳೆಯದು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಈ ಸಲಹೆ ಕೇಳಿದಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ. ಕೆಲಸವನ್ನು ಆಟ ಎಂದು ಹೇಳಿ ಮಗುವಿನ ಕೈಗೆ ಕೊಡುವುದು ಅದಕ್ಕೆ ನಾವು ಮಾಡುವ ಉಪಕಾರವೋ, ಹೂಡುವ ಮೋಸವೋ?

ಇದೇ ಪ್ರಶ್ನೆಯನ್ನು ನಗೆಯೊಳಗೆ ಅಡಗಿಸಿ ಇಟ್ಟ ಲೇಖಕ ಮಾರ್ಕ್ ಟ್ವೇನ್. 1876ರಲ್ಲಿ ಪ್ರಕಟವಾದ ಅವನ ‘ಟಾಮ್ ಸಾಯರ್’ ಕಾದಂಬರಿಯಲ್ಲಿ ಪೋಲಿ ಚಿಕ್ಕಮ್ಮ ರಜೆಯ ಶನಿವಾರವೇ ಟಾಮನಿಗೆ ಬೇಲಿಗೆ ಸುಣ್ಣ ಬಳಿಯುವ ಶಿಕ್ಷೆ ಕೊಡುತ್ತಾಳೆ. ಗೆಳೆಯರು ಬಂದು ಹಂಗಿಸಲು ತೊಡಗಿದಾಗ ಟಾಮ್ ಅದೊಂದು ಭಾಗ್ಯ, ಎಲ್ಲರ ಕೈಗೂ ಸಿಗುವಂಥದ್ದಲ್ಲ ಎಂಬಂತೆ ಕುಂಚ ಆಡಿಸುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಗೆಳೆಯರು ಸೇಬು, ಗಾಳಿಪಟ, ಗೋಲಿ ಕೊಟ್ಟು ತಮ್ಮ ಪಾಳಿಗಾಗಿ ಕಾಯುತ್ತಾರೆ. ಬೇಲಿಗೆ ಮೂರು ಸಲ ಸುಣ್ಣ ಆಗುತ್ತದೆ, ಟಾಮ್ ನೆರಳಲ್ಲಿ ಕೂತಿರುತ್ತಾನೆ. ನಾವು ಓದಿ ನಕ್ಕು ಟಾಮನ ಜಾಣತನ ಮೆಚ್ಚುತ್ತೇವೆ. ಆದರೆ ಕಥೆಯನ್ನು ಇನ್ನೊಮ್ಮೆ ನೋಡಿ. ಕೆಲಸವನ್ನು ಆಟ ಮಾಡಿದವನು ಕೆಲಸ ಮಾಡಲಿಲ್ಲ. ಆಟ ಅಂದುಕೊಂಡು ಬಂದವರು ದುಡಿದರು, ಮೇಲೆ ತಾವೇ ಕೈಯಿಂದ ಕೊಟ್ಟೂ ಹೋದರು.

ಡಚ್ ಇತಿಹಾಸಕಾರ ಯೋಹಾನ್ ಹೌಜಿಂಗಾ 1938ರಲ್ಲಿ ಆಟದ ಬಗ್ಗೆಯೇ ಒಂದು ಪುಸ್ತಕ ಬರೆದ. ಆಟದ ಮೊದಲ ಲಕ್ಷಣ ಅದು ಸ್ವಇಚ್ಛೆಯದು, ಅಪ್ಪಣೆಯ ಮೇಲೆ ಆಡಿದ್ದು ಆಟ ಅಲ್ಲ ಎಂಬುದು ಅವನ ವಾದದ ಬುನಾದಿ. ಇದನ್ನು ತಿಳಿಯಲು ಪುಸ್ತಕವೇ ಬೇಕೆಂದಿಲ್ಲ. ಚಿಣಿಪಣಿ ಆಡುವ ಹುಡುಗ ಬೇಸರ ಬಂದರೆ ಅರ್ಧಕ್ಕೇ ಬಿಟ್ಟು ಹೋಗಬಹುದು. ಗೆಳೆಯರು ಒಂದಿಷ್ಟು ಬೈದಾರು, ಅಷ್ಟೆ. ಮನೆಗೆಲಸಕ್ಕೆ ಈ ಸವಲತ್ತು ಇಲ್ಲ. ಇವತ್ತು ಯಾರಿಗೂ ಮನಸ್ಸಿಲ್ಲವೆಂದು ಭಾಂಡೆ ತಿಕ್ಕದೆ ಬಿಟ್ಟರೆ ನಾಳೆ ಮುಂಜಾನೆ ಅವು ಅಲ್ಲೇ ಇರುತ್ತವೆ. ಹಾಗಾದರೆ ಮನೆಗೆಲಸವನ್ನು ಆಟ ಮಾಡಿಕೊಟ್ಟ ಮಗು ‘ಇವತ್ತು ಆಡಲ್ಲ’ ಅಂದಾಗ ಏನಾಗುತ್ತದೆ? ಅವನು ಬಿಟ್ಟ ಭಾಂಡೆಯನ್ನು ಯಾರು ತಿಕ್ಕುತ್ತಾರೆ? ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲಿ.

ನಮ್ಮಕ್ಕನ ಮನೆ ಗೋಕಾಕ ತಾಲೂಕಿನ ಅಂಕಲಗಿಯಲ್ಲಿ. ನಾನು ಹೆಚ್ಚುಕಡಿಮೆ ಪ್ರತಿ ರವಿವಾರ ಅಲ್ಲಿರುತ್ತೇನೆ. ಅಕ್ಕನಿಗೆ ಹನ್ನೊಂದು ವರ್ಷದ ಮಗಳು, ಎಂಟು ವರ್ಷದ ಮಗ. ಹೋದ ವರ್ಷ ಅಡುಗೆಮನೆಯ ಬಾಗಿಲ ಪಕ್ಕ ಒಂದು ಹಾಳೆ ಅಂಟಿತು. ಮೇಲೆ ಮಗನ ಹೆಸರು, ಕೆಳಗೆ ವಾರದ ದಿನಗಳು. ಉಂಡ ಗಂಗಾಳ ತಾನೇ ಎತ್ತಿಟ್ಟರೆ ಒಂದು ಚುಕ್ಕಿ, ಚಪ್ಪಲಿ ಸಾಲಾಗಿ ಇಟ್ಟರೆ ಒಂದು, ಗಿಡಗಳಿಗೆ ನೀರು ಹಾಕಿದರೆ ಒಂದು. ಹತ್ತು ಚುಕ್ಕಿಯಾದರೆ ಕರದಂಟಿನ ಒಂದು ತುಂಡು. ಹುಡುಗ ಹುರುಪಿನಿಂದ ಗಂಗಾಳ ಎತ್ತತೊಡಗಿದ. ಕೆಲವೊಮ್ಮೆ ಅಪ್ಪ ಇನ್ನೂ ಉಣ್ಣುತ್ತಿರುವಾಗಲೇ ಅವನ ಗಂಗಾಳಕ್ಕೂ ಕೈ ಹಾಕುತ್ತಿದ್ದ. ಎಲ್ಲರಿಗೂ ನಗೆ, ಎಲ್ಲರಿಗೂ ಸಂತೋಷ.

ನಾಲ್ಕನೆಯ ವಾರವೋ ಏನೋ, ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದ ಹುಡುಗಿ ಕೈಯ ಬೂದಿ ತೊಳೆಯುತ್ತ ಕೇಳಿದಳು: “ಯವ್ವಾ, ತಮ್ಮ ಒಂದ ಗಂಗಾಳ ಎತ್ತಿದ್ರ ಚುಕ್ಕಿ ಹಚ್ಚತೀ. ನಾ ದಿನಾ ಇಷ್ಟ ಭಾಂಡೆ ತಿಕ್ಕತೇನಿ, ನನಗ್ಯಾಕ ಇಲ್ಲ?”

ಅಕ್ಕ ಪ್ರೀತಿಯಿಂದಲೇ ಹೇಳಿದಳು: “ನಿನಗ್ಯಾಕ ಬೇಕವ್ವಾ ಚುಕ್ಕಿ? ನೀ ಶ್ಯಾಣ್ಯಾಕಿ ಅದಿ. ನಿನಗ ಹೇಳೂದ ಬೇಕಾಗಂಗಿಲ್ಲ.”

ಅದು ಹೊಗಳಿಕೆ. ಹುಡುಗಿಯ ಮುಖ ಒಂದು ಕ್ಷಣ ಅರಳಿತು ಕೂಡ. ನಾನು ಆ ಮಾತನ್ನು ಬಹಳ ದಿನ ತಲೆಯಲ್ಲಿ ಹೊತ್ತುಕೊಂಡು ತಿರುಗಿದೆ. ತಮ್ಮನಿಗೆ ಬಂದದ್ದು ಆಮಂತ್ರಣ, ಅಕ್ಕನಿಗೆ ಬಂದದ್ದು ಪ್ರಶಸ್ತಿಪತ್ರ. ಆಮಂತ್ರಣ ಬಂದವನು ಹೋಗಬಹುದು, ಬಿಡಬಹುದು. ಶ್ಯಾಣ್ಯಾಕಿ ಅನಿಸಿಕೊಂಡವಳು ಒಂದು ದಿನ ಬಿಟ್ಟರೆ ಅವಳ ಶ್ಯಾಣ್ಯಾತನವೇ ಹೋಯಿತು. ಬೇಡ ಅನ್ನಬಲ್ಲವನಿಗೆ ಮಾತ್ರ ಕೆಲಸವನ್ನು ಆಟ ಮಾಡಿಕೊಡುವ ಅಗತ್ಯ ಬೀಳುತ್ತದೆ. ಬೇಡ ಅನ್ನಲಾರದವಳಿಗೆ ಅದನ್ನು ಆಟ ಮಾಡಲು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಇದರಲ್ಲಿ ವಿಚಿತ್ರವೇನೆಂದರೆ, ಮಕ್ಕಳಿಗೆ ಕೆಲಸವನ್ನು ಆಟ ಮಾಡಿಕೊಡಲು ನಾವು ಇಷ್ಟು ಒದ್ದಾಡಬೇಕಾಗಿಯೇ ಇಲ್ಲ. ಅವರಿಗೆ ಅದು ಮೊದಲೇ ಆಟ. ಗೋಕಾಕದ ಜೀನಗಾರರು ಮಾಡುವ ಮರದ ಆಟಿಕೆಗಳನ್ನು ನೋಡಿ. ಅದರಲ್ಲಿ ಬಣ್ಣದ ಹಣ್ಣುಗಳಿವೆ, ಕಾಯಿಪಲ್ಲೆಗಳಿವೆ. ಮಗು ಸಂತೆ ಮಾಡುವ ಆಟಕ್ಕೆ, ಅಡುಗೆ ಮಾಡುವ ಆಟಕ್ಕೆ ಬೇಕಾದುದೆಲ್ಲ ಅಲ್ಲಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಹುಡುಗರು ಮಣ್ಣಿನ ಎತ್ತು ಮಾಡುತ್ತಾರೆ. ಅಪ್ಪನ ಬೆನ್ನು ನೋಯಿಸುವ ಉಳುಮೆ ಅವರ ಅಂಗೈಯಲ್ಲಿ ಆಟವಾಗಿ ನಿಲ್ಲುತ್ತದೆ. ಮೂರು ವರ್ಷದ ಕೂಸು ಕಸಬರಿಗೆ ಹಿಡಿದು ಎಳೆದಾಡುತ್ತದೆ, ಹಿಟ್ಟು ನಾದುವಾಗ ತನಗೂ ಒಂದು ಮುದ್ದೆ ಬೇಕೆಂದು ಅಳುತ್ತದೆ. ಕೆಲಸ ಮತ್ತು ಆಟದ ನಡುವೆ ಗೆರೆ ಎಳೆದವರು ದೊಡ್ಡವರು, ಮಕ್ಕಳಲ್ಲ.

ಜರ್ಮನಿಯ ಲೈಪ್ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಎಂಬ ಇಬ್ಬರು ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿದ್ದದ್ದು ಹದಿನೆಂಟು ತಿಂಗಳ ಕೂಸುಗಳು. ಎದುರಿನ ಅಪರಿಚಿತ ದೊಡ್ಡವನ ಕೈಯಿಂದ ವಸ್ತು ಬಿದ್ದು ಅದು ಅವನಿಗೆ ಎಟುಕದಿದ್ದಾಗ ಹೆಚ್ಚಿನ ಕೂಸುಗಳು ತಾವಾಗಿಯೇ ಎತ್ತಿಕೊಟ್ಟವು. ಯಾರೂ ಕೇಳಿರಲಿಲ್ಲ, ಹೊಗಳಿರಲಿಲ್ಲ. 2008ರಲ್ಲಿ ಅವರು ಇನ್ನೊಂದು ಅಧ್ಯಯನ ಪ್ರಕಟಿಸಿದರು. ನೆರವಾದದ್ದಕ್ಕೆ ಆಟಿಕೆಯ ಬಹುಮಾನ ಪಡೆದ ಇಪ್ಪತ್ತು ತಿಂಗಳ ಮಕ್ಕಳು, ಏನೂ ಪಡೆಯದ ಮಕ್ಕಳಿಗಿಂತ ಮುಂದಿನ ಸಲ ಕಡಿಮೆ ನೆರವಾದರು. ಅದಕ್ಕೂ ಹಿಂದೆ, 1973ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಮಕ್ಕಳ ಮೇಲೆ ಒಂದು ಪ್ರಯೋಗ ನಡೆದಿತ್ತು. ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು, ಒಂದೆರಡು ವಾರದ ನಂತರ ಬಹುಮಾನವಿಲ್ಲದ ಹೊತ್ತಿನಲ್ಲಿ ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಆ ಪ್ರಶಸ್ತಿಪತ್ರದ ಮೇಲೆ ಇದ್ದದ್ದೂ ಒಂದು ಬಂಗಾರದ ಬಣ್ಣದ ಚುಕ್ಕಿ.

ನಮ್ಮ ಮನೆಗಳಲ್ಲಿ ನಡೆಯುವುದನ್ನು ಇದರ ಪಕ್ಕ ಇಟ್ಟು ನೋಡಬೇಕು. ಮೂರು ವರ್ಷದ ಗಂಡುಕೂಸು ಕಸಬರಿಗೆ ಹಿಡಿದರೆ “ಬಿಡೋ, ಅದು ಹೆಣ್ಣಮಕ್ಕಳ ಕೆಲಸ” ಎಂದು ಅಜ್ಜಿ ಕಸಿದುಕೊಳ್ಳುತ್ತಾಳೆ. ಕೂಸಿನ ಕೈಯಲ್ಲಿ ನೀರು ಚೆಲ್ಲುತ್ತದೆಂದು ಅವ್ವ ಚರಗಿ ಇಸಿದುಕೊಳ್ಳುತ್ತಾಳೆ. ಅವನು ತಾನಾಗಿ ಕೊಡಲು ಬಂದದ್ದನ್ನು ನಾವು ಐದು ವರ್ಷ ಬೇಡವೆನ್ನುತ್ತೇವೆ. ಎಂಟನೆಯ ವರ್ಷಕ್ಕೆ ಅದನ್ನೇ ಚುಕ್ಕಿ ಕೊಟ್ಟು, ಕರದಂಟು ಕೊಟ್ಟು ಅವನಿಂದ ಕೊಳ್ಳಲು ಹೊರಡುತ್ತೇವೆ. ಹೆಣ್ಣುಕೂಸಿನ ಕೈಯಿಂದ ಮಾತ್ರ ಯಾರೂ ಕಸಬರಿಗೆ ಕಸಿಯುವುದಿಲ್ಲ. ಅವಳ ಆಟ ಯಾವ ದಿನ ಮುಗಿಯಿತು, ಕೆಲಸ ಯಾವ ದಿನ ಸುರುವಾಯಿತು ಎಂಬುದು ಅವಳಿಗೂ ಗೊತ್ತಾಗುವುದಿಲ್ಲ.

ಹಾಗೆಂದು ಕೆಲಸದಲ್ಲಿ ಆಟವೇ ಇರಬಾರದೆಂದು ನಾನು ಹೇಳುತ್ತಿಲ್ಲ. ನಮ್ಮ ಸೀಮೆಯ ದುಡಿಮೆಯಷ್ಟು ಹಾಡು ಕೂಡಿಸಿಕೊಂಡ ದುಡಿಮೆ ಕಡಿಮೆ. ಹೆಂಗಸರು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದರು. ಕಣದಲ್ಲಿ ಎತ್ತು ತಿರುಗಿಸುತ್ತ ಗಂಡಸರು ಹಂತಿ ಹಾಡು ಹೇಳುತ್ತಿದ್ದರು. ಬಿತ್ತನೆಗೆ ಮುಂಚೆ ಬೀಜದ ಶೇಂಗಾ ಸುಲಿಯಲು ಓಣಿಯ ಮಕ್ಕಳೆಲ್ಲ ಕೂಡಿದರೆ ಯಾರ ರಾಶಿ ದೊಡ್ಡದು ಎಂಬ ಪಂದ್ಯ ತಾನಾಗಿಯೇ ಹುಟ್ಟುತ್ತಿತ್ತು. ಒಂದು ಕಾಯಿಯಲ್ಲಿ ನಾಲ್ಕು ಕಾಳು ಸಿಕ್ಕವರಿಗೆ ಅವತ್ತಿನ ಮರ್ಯಾದೆ. ನಾನೂ ಆ ಪಂದ್ಯ ಆಡಿದ್ದೇನೆ. ಬೆರಳು ನೋಯುತ್ತಿತ್ತು, ನಗೆಯೂ ಬರುತ್ತಿತ್ತು.

ಈ ಆಟಕ್ಕೂ ಗೋಡೆಯ ಮೇಲಿನ ಚುಕ್ಕಿಯ ಆಟಕ್ಕೂ ವ್ಯತ್ಯಾಸ ಇದೆ. ಹಾಡು ಕಟ್ಟಿದವಳು ಬೀಸುವವಳೇ. ಪಂದ್ಯ ಹೂಡಿದವರು ಸುಲಿಯುವವರೇ. ಇದು ಕೆಲಸ, ಇದನ್ನು ಮುಗಿಸಲೇಬೇಕು ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಅದರೊಳಗೆ ತಮ್ಮ ಖುಷಿಗೆ ಒಂದಿಷ್ಟು ಜಾಗ ಮಾಡಿಕೊಂಡರು. ಟಾಮ್ ಸಾಯರನ ಗೆಳೆಯರಿಗೆ ಇಲ್ಲದ್ದು ಈ ಅರಿವು. ದುಡಿಯುವವರು ತಾವೇ ಕೆಲಸದೊಳಗೆ ತಂದುಕೊಂಡ ಆಟ ಬೇರೆ, ದುಡಿಸುವವರು ಕೆಲಸದ ಮೇಲೆ ಹೊದಿಸಿದ ಆಟ ಬೇರೆ. ಮೊದಲನೆಯದು ಕೆಲಸವನ್ನು ಹಗುರ ಮಾಡುತ್ತದೆ. ಎರಡನೆಯದು ಕೆಲಸವನ್ನು ಮರೆಸುತ್ತದೆ.

ಹಾಡಿನ ಬಗ್ಗೆಯೂ ನಾವು ಮೈಮರೆಯಬಾರದು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ, ಹಾಡು ಚೆನ್ನಾಗಿತ್ತೆಂದು ಯಾವ ಹೆಂಗಸೂ ಬೀಸುಕಲ್ಲಿಗೆ ಮರಳಲಿಲ್ಲ. ಹಾಡುಗಳನ್ನು ವಿದ್ವಾಂಸರು ಸಂಗ್ರಹಿಸಿದರು, ನಾವು ಪಠ್ಯಪುಸ್ತಕದಲ್ಲಿ ಓದಿದೆವು, ಅವು ನಮ್ಮ ಸಾಹಿತ್ಯದ ದೊಡ್ಡ ಆಸ್ತಿ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ತೋಳುಗಳಿಗೆ ಬೇಕಾಗಿದ್ದದ್ದು ಬಿಡುಗಡೆ. ಹಾಡು ನೋವಿಗೆ ಸಮಾಧಾನ ಕೊಡಬಲ್ಲದು, ನೋವು ಸರಿ ಎಂಬುದಕ್ಕೆ ಸಾಕ್ಷಿ ಹೇಳಲಾರದು.

ಈ ಮಾತು ಸುಗ್ಗಿಯ ದಿನಗಳಲ್ಲಿ ನನಗೆ ಇನ್ನಷ್ಟು ಸ್ಪಷ್ಟವಾಗುತ್ತದೆ. ನಮ್ಮ ಕಡೆ ಕಬ್ಬು ಕಡಿಯಲು ಗ್ಯಾಂಗಿನವರು ಬರುತ್ತಾರೆ, ಹೊಲದ ಬದಿಗೆ ಗುಡಿಸಲು ಹಾಕುತ್ತಾರೆ. ಅವ್ವ ಅಪ್ಪ ನಸುಕಿನಲ್ಲೇ ಕಬ್ಬಿಗೆ ಹೋದರೆ ಗುಡಿಸಲಲ್ಲಿ ಉಳಿದ ದೊಡ್ಡ ಹುಡುಗಿಗೆ ಸಣ್ಣ ಕೂಸಿನ ಜವಾಬ್ದಾರಿ. ಅಂಥ ಒಬ್ಬ ಹುಡುಗಿ, ಹತ್ತು ವರ್ಷವೂ ತುಂಬಿರಲಿಕ್ಕಿಲ್ಲ, ಸೊಂಟದ ಮೇಲೆ ತಮ್ಮನನ್ನು ಹೊತ್ತುಕೊಂಡೇ ಕುಂಟಾಟ ಆಡುತ್ತಿದ್ದುದನ್ನು ನಾನು ರಸ್ತೆಬದಿಯಿಂದ ನೋಡಿದ್ದೇನೆ. ಒಂದೊಂದು ಮನೆಗೆ ಜಿಗಿದಾಗಲೂ ಕೂಸು ಕಿಲಕಿಲ ನಗುತ್ತಿತ್ತು. ದೂರದಿಂದ ನೋಡಿದವರಿಗೆ ಚಂದದ ಚಿತ್ರ. ಕೆಲಸವನ್ನು ಆಟ ಮಾಡಿಕೊಳ್ಳುವ ಕಲೆಯಲ್ಲಿ ಆ ಹುಡುಗಿಗೆ ಯಾವ ಪಾಲಕರ ಸಭೆಯೂ ಹೇಳಿಕೊಡಬೇಕಾದ್ದೇನೂ ಇಲ್ಲ. ಆದರೆ ಅದು ಶಾಲೆಯ ಹೊತ್ತು. ಅವಳ ಆಟವನ್ನು ಮೆಚ್ಚಿ ಮುಂದೆ ಹೋದರೆ ಅವಳ ಶಾಲೆಯನ್ನು ಮರೆತಂತೆ.

ಬಾಲಕಾರ್ಮಿಕ ನಿಷೇಧ ಕಾನೂನಿಗೆ 2016ರಲ್ಲಿ ತಂದ ತಿದ್ದುಪಡಿ ಹದಿನಾಲ್ಕರ ಒಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸುತ್ತದೆ. ಜೊತೆಗೆ, ಶಾಲೆಯ ಅವಧಿ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸಗಳಲ್ಲಿ ಮಗು ತನ್ನ ಕುಟುಂಬಕ್ಕೆ ನೆರವಾಗಬಹುದು ಎಂದೂ ಹೇಳುತ್ತದೆ. ‘ನೆರವು’ ಎಂಬ ಆ ಒಂದು ಪದದ ಬಗ್ಗೆ ಆಗಲೇ ಸಾಕಷ್ಟು ಚರ್ಚೆ ನಡೆಯಿತು. ನೆರವು ಎಲ್ಲಿ ಮುಗಿಯುತ್ತದೆ, ದುಡಿಮೆ ಎಲ್ಲಿ ಸುರುವಾಗುತ್ತದೆ? ಕಾನೂನು ಗಂಟೆ ನೋಡಿ ಗೆರೆ ಎಳೆಯುತ್ತದೆ. ಮನೆಯಲ್ಲಿ ನಾವು ಇನ್ನೊಂದು ಅಳತೆಯನ್ನೂ ಬಳಸಬಹುದು. ಕೆಲಸ ಮುಗಿದ ಮೇಲೆ ಆ ಮಗುವಿಗೆ ಯಾವ ಪ್ರಯೋಜನವೂ ಇಲ್ಲದ, ಯಾರಿಗೂ ಬೇಡವಾದ, ಬರೀ ಆಟಕ್ಕೆ ಹೊತ್ತು ಉಳಿಯುತ್ತದೆಯೇ? ಉಳಿಯುವುದಾದರೆ ಅದು ನೆರವು. ಉಳಿಯದಿದ್ದರೆ ಅದಕ್ಕೆ ಏನು ಹೆಸರಿಟ್ಟರೂ ಅದು ದುಡಿಮೆಯೇ. ಕೆಲಸವೇ ಆಟ ಎಂದು ಮಗುವಿಗೆ ಹೇಳುವುದರಲ್ಲಿರುವ ದೊಡ್ಡ ಅಪಾಯವೂ ಇದೇ. ಕೆಲಸದಲ್ಲೇ ಆಡಿಯಾಯಿತಲ್ಲ, ಮತ್ತೇನು ಆಟ ಎಂದು ನಾಳೆ ಆಟವನ್ನೇ ಕಸಿದುಕೊಳ್ಳಬಹುದು.

ಅಕ್ಕನ ಮನೆಯ ಹಾಳೆಗೆ ಬರುತ್ತೇನೆ. ಹುಡುಗಿ ಶ್ಯಾಣ್ಯಾಕಿ ಎಂಬ ಮಾತಿಗೆ ಸುಮ್ಮನಾಗಲಿಲ್ಲ. ಮುಂದಿನ ರವಿವಾರದೊಳಗೆ ತಾನೇ ಒಂದು ದೊಡ್ಡ ಹಾಳೆ ತಂದು ನಾಲ್ಕು ಸಾಲು ಎಳೆದಿದ್ದಳು: ತಮ್ಮ, ತಾನು, ಅಪ್ಪ, ಅವ್ವ. ಯಾರು ಯಾವ ಕೆಲಸ ಮಾಡಿದರೂ ಒಂದು ಚುಕ್ಕಿ. ಭಾವ ನಗುತ್ತ ಒಪ್ಪಿಕೊಂಡ. ಬುಧವಾರದ ಹೊತ್ತಿಗೆ ಅಕ್ಕನ ಸಾಲಿನಲ್ಲಿ ಜಾಗ ಮುಗಿಯಿತು. ಥಳಿ ಹೊಡೆಯುವುದು, ನೀರು ತುಂಬುವುದು, ರೊಟ್ಟಿ ಬಡಿಯುವುದು, ಜೋಳ ಹಸನು ಮಾಡುವುದು, ಅರಿವೆ ಒಗೆಯುವುದು, ಅತ್ತೆಗೆ ಗುಳಿಗೆ ಕೊಡುವುದು. ಹುಡುಗಿ ಹಾಳೆಯ ಅಂಚು ದಾಟಿ ಗೋಡೆಯ ಮೇಲೆಯೇ ಚುಕ್ಕಿ ಹಚ್ಚಿದಳು. ಭಾವನ ಸಾಲಿನಲ್ಲಿ ಎರಡು ಚುಕ್ಕಿ ಇದ್ದವು. ಮಗ ಅದನ್ನು ನೋಡಿ ಬಹಳ ಗಂಭೀರವಾಗಿ ಕೇಳಿದ: “ಅಪ್ಪಾ, ನೀ ಯಾಕ ಆಡವಲ್ಲಿ?”

ಎಂಟು ವರ್ಷದ ಹುಡುಗನ ಆ ಪ್ರಶ್ನೆಯನ್ನು ಇಡೀ ದೇಶಕ್ಕೆ ಕೇಳಬಹುದು. ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಆರು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರೆಲ್ಲರ ಒಂದು ದಿನದ ಲೆಕ್ಕ ಹಾಕಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ಭಾಗಿಯಾದವರು ಹೆಂಗಸರಲ್ಲಿ ಶೇ. 81.2, ಗಂಡಸರಲ್ಲಿ ಶೇ. 26.1. ಹಾಗೆ ಭಾಗಿಯಾದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಟ್ಟಿದ್ದರು. ಹತ್ತಿರಹತ್ತಿರ ಐದು ತಾಸು ಒಂದು ಕಡೆ, ಒಂದೂವರೆ ತಾಸಿಗೆ ಸ್ವಲ್ಪ ಮೇಲೆ ಇನ್ನೊಂದು ಕಡೆ. ಅದೂ ಕೈ ಹಚ್ಚಿದ ಗಂಡಸರ ಲೆಕ್ಕ. ಹುಡುಗಿಯ ಹಾಳೆ ನಾಲ್ಕು ದಿನದಲ್ಲಿ ಹೇಳಿದ್ದನ್ನೇ ಈ ಸಮೀಕ್ಷೆ ದೊಡ್ಡ ಅಕ್ಷರದಲ್ಲಿ ಹೇಳುತ್ತದೆ. ಲೆಕ್ಕಕ್ಕೆ ಆರು ವರ್ಷದ ಮಕ್ಕಳನ್ನೂ ಹಿಡಿದಿದ್ದಾರೆ ಎಂಬುದನ್ನು ಗಮನಿಸಿ. ಈ ಹಂಚಿಕೆಯ ಪಾಠ ಆ ವಯಸ್ಸಿಗೆ ಮನೆಯಲ್ಲಿ ಆಗಲೇ ಸುರುವಾಗಿರುತ್ತದೆ.

ಹಾಗಾಗಿ ಹುಡುಗಿ ಮಾಡಿದ ಹಾಳೆಯ ಬಗ್ಗೆ ನನಗೆ ತಕರಾರಿಲ್ಲ. ಅವಳೂ ಆಟವನ್ನೇ ಮಾಡಿದಳು. ಆದರೆ ಅವಳ ಆಟ ಕೆಲಸವನ್ನು ಮುಚ್ಚಿಡಲಿಲ್ಲ, ಎಣಿಸಿ ತೋರಿಸಿತು. ಯಾರನ್ನೂ ಹೊರಗೆ ನೆರಳಲ್ಲಿ ಕೂರಿಸಲಿಲ್ಲ. ಹಾಳೆ ಮುಗಿದ ಮೇಲೆ ಹೊಸದನ್ನು ಯಾರೂ ಹಚ್ಚಲಿಲ್ಲ. ಭಾವ ಈಗ ರಾತ್ರಿ ತನ್ನ ಗಂಗಾಳ ತಾನು ತೊಳೆಯುತ್ತಾನೆ, ನೀರು ಬಂದ ದಿನ ಕೊಡ ತುಂಬುತ್ತಾನೆ, ಅದಕ್ಕಿಂತ ಹೆಚ್ಚೇನೂ ಆಗಿಲ್ಲ. ಅಕ್ಕನ ಐದು ತಾಸು ನಾಲ್ಕೂವರೆಯಾಗಿರಬಹುದು. ನಾನು ಇದನ್ನು ಗೆಲುವೆಂದು ಬರೆಯುತ್ತಿಲ್ಲ. ಆದರೆ ಹುಡುಗನಿಗೆ ಒಂದು ವಿಷಯ ಗೊತ್ತಾಗಿದೆ. ತಾನು ಎತ್ತದ ಗಂಗಾಳ ಮಾಯವಾಗುವುದಿಲ್ಲ, ಇನ್ನೊಬ್ಬರ ಕೈಗೆ ಹೋಗುತ್ತದೆ.

ಈ ತಿಳಿವಿಗೆ ನಮ್ಮ ನುಡಿಯಲ್ಲಿ ಹಳೆಯದೊಂದು ಹೆಸರಿದೆ: ಕಾಯಕ. ಹನ್ನೆರಡನೆಯ ಶತಮಾನದಲ್ಲಿ ಅಂಗಳ ಗುಡಿಸುವುದು ಸತ್ಯಕ್ಕನ ಕಾಯಕವಾಗಿತ್ತು, ಭತ್ತ ಕುಟ್ಟುವುದು ಕೊಟ್ಟಣದ ಸೋಮಮ್ಮನ ಕಾಯಕವಾಗಿತ್ತು. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ಇನಾಮಿನ ಆಸೆ ಹೊಕ್ಕರೆ ಕೆಲಸ ಕೆಡುತ್ತದೆ ಎಂಬುದು ಆ ತಾಯಿಗೆ ಯಾವ ಪ್ರಯೋಗವಿಲ್ಲದೆ ಗೊತ್ತಿತ್ತು. ಗುಡಿಸುವುದನ್ನು, ಕುಟ್ಟುವುದನ್ನು ಶರಣರು ಆಟ ಅನ್ನಲಿಲ್ಲ, ಕೀಳು ಅನ್ನಲೂ ಇಲ್ಲ. ಮಾಡಲೇಬೇಕಾದ ಕೆಲಸ, ಆದ್ದರಿಂದಲೇ ಮಾನದ ಕೆಲಸ ಎಂದರು. ಮತ್ತು ಅದು ಎಲ್ಲರಿಗೂ ಅನ್ವಯ ಅಂದರು. ಆ ಪದವನ್ನು ನಾವು ಫಲಕಗಳ ಮೇಲೆ ಬರೆಸಿ ಗೋಡೆಗೆ ತೂಗುಹಾಕಿದ್ದೇವೆ. ಅದರ ಕೆಳಗೆ ಕೂತು ಉಂಡು, ಗಂಗಾಳವನ್ನು ಅಲ್ಲೇ ಬಿಟ್ಟು ಎದ್ದು ಹೋಗುತ್ತೇವೆ.

ಸಣ್ಣ ಮಗುವಿನ ಜೊತೆ ಕಸ ಹೊಡೆಯುವ ಆಟ ಆಡಿ, ನನ್ನದೇನೂ ಅಡ್ಡಿಯಿಲ್ಲ. ನೀರು ಚೆಲ್ಲಿದರೆ ಚೆಲ್ಲಲಿ, ಜೋಳ ಹಸನು ಮಾಡುವಾಗ ಕಲ್ಲಿನ ಜೊತೆ ನಾಲ್ಕು ಕಾಳೂ ಹೋದರೆ ಹೋಗಲಿ. ಅದು ತಾನಾಗಿ ಬಂದಾಗ ಅದರ ಕೈಯಿಂದ ಕಸಬರಿಗೆ ಕಸಿಯದಿದ್ದರೆ ಸಾಕು, ಅರ್ಧ ಚುಕ್ಕಿಗಳು ಉಳಿದವು. ಮಗು ಬೆಳೆದಂತೆ ನಿಜವನ್ನೂ ಹೇಳಿ: ಇದು ಆಟ ಅಲ್ಲ, ಬೇಸರ ಬಂದರೂ ಮಾಡಬೇಕಾದದ್ದು, ನೀನು ಬಿಟ್ಟರೆ ಇನ್ನೊಬ್ಬರ ಮೈಮೇಲೆ ಬೀಳುವಂಥದ್ದು. ಬೇಕಾದರೆ ಹಾಡುತ್ತ ಮಾಡು, ಪಂದ್ಯ ಕಟ್ಟಿ ಮಾಡು, ಅದು ನಿನ್ನ ಇಷ್ಟ. ಇಷ್ಟು ಹೇಳಿ, ಇನ್ನೊಂದು ಕಸಬರಿಗೆ ಹುಡುಕಿಕೊಂಡು ನಾವೂ ಗುಡಿಸತೊಡಗಬೇಕು. ಕೆಲಸ ಬೇಗ ಮುಗಿದರೆ ಹೊರಗೆ ಇನ್ನೂ ಬೆಳಕಿರುತ್ತದೆ. ಚಿಣಿಪಣಿಗೆ ಅಷ್ಟು ಬೆಳಕು ಸಾಕು, ಹುಡುಗನಿಗೂ ಹುಡುಗಿಗೂ.